ಉದ್ದದ ಬೋಲ್ಟು

ಹದಿನಾಲ್ಕು, ಗುರುವಾರ.

ಹೊಟ್ಟೆಕಿಚ್ಚು ಇನ್ನೂ ಆರಿಲ್ಲ. ಸಂಜೆ ಷಡ್ಡಕ ತನ್ನ ಹಳೇ ಲಾರಿಗೆ ಅಲಾಯ್ ಚಕ್ರ ಹಾಕಿಸಿ ಬೀದಿಯಲ್ಲಿ ಮೆರೆಸಿದ. ಅಂಥವೇ ಚಕ್ರಗಳನ್ನು ನನ್ನ ಲಾರಿಗೆಂದು ಅವನಿಗಿಂತ ಮೊದಲು ತಂದವನು ನಾನು. ಆದರೆ ಅವು ದಪ್ಪ. ಹಳೇ ಬೋಲ್ಟಿಗೆ ನಟ್ಟು ಎರಡೇ ಸುತ್ತು ಹಿಡಿಯುತ್ತದೆ, ಲೋಡು ಬಿದ್ದರೆ ಚಕ್ರವೇ ಕಳಚಿಕೊಳ್ಳುತ್ತದೆ. ಉದ್ದದ ಬೋಲ್ಟಿಗಾಗಿ ಗುಜರಿ ಗುಜರಿ ಅಲೆದು, ಇವತ್ತು ಒಂದೇ ಒಂದು ಸೆಟ್ ಸಿಕ್ಕಿತ್ತು.

ಅವನಿಗೆಲ್ಲಿ ಸಿಕ್ಕಿತು? ಬಗ್ಗಿ ನೋಡಿದೆ. ಅದೇ ಹಳೇ ಗಿಡ್ಡ ಬೋಲ್ಟು. "ಭಾರೀ ಚೆನ್ನಾಗಿದೆ" ಎಂದಷ್ಟೇ ಹೇಳಿ ಮನೆಗೆ ಬಂದೆ. ನಾಳೆ ಬೆಳಿಗ್ಗೆ ಅವನು ಲೋಡು ತುಂಬಿಕೊಂಡು ಹೊರಡುತ್ತಾನೆ, ಪಕ್ಕದಲ್ಲಿ ನಾದಿನಿ, ಮಗು. ಊಟ ಅರ್ಧಕ್ಕೆ ಬಿಟ್ಟು ಎದ್ದೆ. ಬೋಲ್ಟಿನ ಚೀಲ ಹಿಡಿದು ಅವನ ಮನೆಗೇ ಹೋದೆ.

"ಉದ್ದದ್ದು ಸಿಗ್ಲಿಲ್ಲ ಭಾವ," ಎಂದ, ತಲೆ ತಗ್ಗಿಸಿ. "ನೀವು ಮೊದಲು ಹಾಕಿಬಿಡ್ತೀರಿ ಅಂತ ತಡ್ಕೊಳೋಕಾಗ್ಲಿಲ್ಲ."

"ಇವನ್ನ ಹಾಕ್ಸೋವರೆಗೂ ಗಾಡಿ ತೆಗೀಬೇಡ," ಎಂದು ಚೀಲ ಅವನ ಕೈಗಿಟ್ಟೆ.

ನನ್ನ ಚಕ್ರಗಳು ನಡುಮನೆಯ ಗೋಡೆಗೊರಗಿ ಹೊಳೆಯುತ್ತಿವೆ. ಅವನೂ ನನ್ನನ್ನು ಕಂಡು ಕರುಬುತ್ತಿದ್ದನಲ್ಲ, ಅದೊಂದೇ ಸಮಾಧಾನ. ಆದರೂ ನಾಳೆ ಬೀದಿಯವರೆಲ್ಲ ಬೆರಗಾಗಿ ನೋಡುವುದು ಅವನ ಗಾಡಿಯನ್ನೇ. ಅದೂ ನನ್ನ ಬೋಲ್ಟಿನ ಮೇಲೆ ನಿಂತದ್ದನ್ನು.