ಕಿಟಕಿಯಿಂದ ನಾನು ನೋಡದ್ದು

ರೀ,

ಇವತ್ತು ಪೊಲೀಸ್ ಠಾಣೆಯಿಂದ ತಲೆ ತಗ್ಗಿಸಿಕೊಂಡು ಬಂದೆ. ನಿಮಗಲ್ಲದೆ ಇನ್ನಾರಿಗೂ ಇದನ್ನು ಹೇಳಿಕೊಳ್ಳಲಾರೆ.

ಹೋದ ವಾರ ನಮ್ಮ ಮನೆ ಮುಂದೆ ಒಂದು ವ್ಯಾನು ಎದುರುಮನೆಯ ಟೀಚರಮ್ಮನಿಗೆ ಗುದ್ದಿತು. ಡ್ರೈವರ್ ಫೋನಿನಲ್ಲಿ ಮಾತಾಡುತ್ತಿದ್ದ, ಕಿಟಕಿಯಿಂದ ಕಣ್ಣಾರೆ ಕಂಡೆ ಎಂದು ಬೀದಿಗೆಲ್ಲ ಹೇಳಿದೆ. "ಅತ್ತೆ, ಸದ್ದಾದ ಮೇಲಲ್ವಾ ನೀವು ಕಿಟಕಿಗೆ ಹೋಗಿದ್ದು?" ಎಂದಳು ಸೊಸೆ. "ಕಿಟಕೀಲಿ ನಿಂತಿದ್ದು ನಾನೋ ನೀನೋ?" ಎಂದು ಅವಳ ಬಾಯಿ ಮುಚ್ಚಿಸಿದೆ. ನನ್ನ ಮಾತಿನ ಮೇಲೆ ಪೊಲೀಸರು ಡ್ರೈವರನನ್ನು ಹಿಡಿದು ಕೂರಿಸಿದ್ದರು.

ಇವತ್ತು ಹೇಳಿಕೆ ಬರೆದುಕೊಳ್ಳಲು ಕರೆಸಿದ ಇನ್ಸ್‌ಪೆಕ್ಟರಮ್ಮ ಗದರಲಿಲ್ಲ. "ಕಣ್ಣು ಮುಚ್ಕೊಳ್ಳಿ ಅಮ್ಮ. ಕೊನೆಯಿಂದ ಶುರು ಮಾಡಿ ಹಿಂದಕ್ಕೆ ಬನ್ನಿ. ಗೊತ್ತಿಲ್ದಿದ್ರೆ ಗೊತ್ತಿಲ್ಲ ಅನ್ನಿ, ಪರವಾಗಿಲ್ಲ," ಎಂದರು. ಜನ ಸೇರಿದ್ದು ಕಂಡಿತು. ಅದಕ್ಕೂ ಮೊದಲು ಟೀಚರಮ್ಮ ರಸ್ತೆಯಲ್ಲಿ ಬಿದ್ದುಕೊಂಡಿದ್ದು, ಕಿಟಕಿಯ ಸರಳು. ಅದಕ್ಕೂ ಮೊದಲು ಅಡುಗೆಮನೆಯ ನಲ್ಲಿ, ನನ್ನ ಕೈತುಂಬ ಸೋಪಿನ ನೊರೆ, ಹೊರಗೆ ಬ್ರೇಕಿನ ಸದ್ದು. ಫೋನಿನ ವಿಷಯ ಆಮೇಲೆ ಗೇಟಿನ ಬಳಿ ಯಾರೋ ಆಡಿದ ಮಾತು. ಅದನ್ನೇ ಹೇಳಿ ಹೇಳಿ, ನೋಡಿದ್ದೇನೆಂದೇ ನಂಬಿಬಿಟ್ಟಿದ್ದೆ.

"ನಾನು ನೋಡಿಲ್ಲ," ಎಂದೆ. ಹೊರಗೆ ಬೆಂಚಿನ ಮೇಲಿದ್ದ ಡ್ರೈವರನ ಹೆಂಡತಿ ಎದ್ದು ನನಗೇ ಕೈಮುಗಿದಳು. ಬಸ್ಸಿನಲ್ಲಿ, ಜೊತೆಗೆ ಬಂದಿದ್ದ ಸೊಸೆ ನನಗೆ ಕಿಟಕಿ ಪಕ್ಕದ ಸೀಟು ಬಿಟ್ಟುಕೊಟ್ಟಳು. ಹಂಗಿಸಿದ್ದರೆ ಎಷ್ಟೋ ಹಗುರವಾಗುತ್ತಿತ್ತು.

ನಿಮ್ಮ ಕೊನೆ ಗಳಿಗೆಯಲ್ಲಿ ನೀವು ನನ್ನ ಹೆಸರು ಹಿಡಿದು ಕರೆದಿರಿ ಎಂದು ಬಂದವರಿಗೆಲ್ಲ ಹೇಳುತ್ತಾ ಬಂದಿದ್ದೇನೆ. ಆಸ್ಪತ್ರೆಯ ಆ ಕೋಣೆಯನ್ನು ಕಣ್ಣು ಮುಚ್ಚಿ ಕೊನೆಯಿಂದ ಹಿಂದಕ್ಕೆ ನೆನೆಯಲು ಮಾತ್ರ ನನಗೆ ಧೈರ್ಯ ಸಾಲುತ್ತಿಲ್ಲ.