ಸೋಮವಾರದ ಮಾತ್ರೆ

ತಾಳವಾಡಿ
12-3-2024

ಪ್ರೀತಿಯ ತಂಗಿ ಪುಟ್ಟಬಸಮ್ಮನಿಗೆ ಅಕ್ಕ ಮಂಗಳಗೌರಿಯ ಆಶೀರ್ವಾದಗಳು.

ಇಲ್ಲಿ ನಾವೆಲ್ಲ ಚೆನ್ನಾಗಿದ್ದೇವೆ. ನೀನು ಕಾಗದ ಬರೆದು ತಿಂಗಳಾಯಿತು. ಫೋನಿನಲ್ಲಿ ಎರಡು ಸಲ ನಾನು "ಬರೀತೀನಿ" ಅಂದು ನುಣುಚಿಕೊಂಡೆ, ಕೋಪ ಮಾಡಿಕೊಳ್ಳಬೇಡ. ನಿನ್ನ ಮೇಘ ತರಗತಿಯಲ್ಲಿ ತಲೆಸುತ್ತಿ ಬಿದ್ದಳು, ಎಂಟನೇ ಕ್ಲಾಸಿಗೇ ಓದು ಸಾಕು, ಮಗಳು ಮನೆಯಲ್ಲಿರಲಿ ಅಂತ ನಿಮ್ಮತ್ತೆ ಹೇಳುತ್ತಾರೆ, ಏನು ಮಾಡಲಿ ಅಕ್ಕ ಎಂದು ಅದರಲ್ಲಿ ನೀನು ಕೇಳಿದ್ದೆ. ಉತ್ತರ ನನ್ನ ಹತ್ತಿರ ಇದೆ. ಆದರೆ ಮೊದಲು ನಮ್ಮ ಶಾಲೆಯ ಸುದ್ದಿ ಕೇಳು. ಸ್ವಲ್ಪ ಜಂಬ ಕೊಚ್ಚಿಕೊಳ್ಳುತ್ತೇನೆ, ಹೆಡ್ ಮಿಸ್ಸಿನ ತಂಗಿಯಾಗಿದ್ದಕ್ಕೆ ಸಹಿಸಿಕೋ.

ಎರಡು ವರ್ಷದಿಂದ ನಮ್ಮಲ್ಲಿ ಮಕ್ಕಳ ಆರೋಗ್ಯದ ಕೆಲಸ ನಡೆಯುತ್ತಿದೆ. ಬರೀ ಮಾತ್ರೆ ನುಂಗಿಸುವುದಲ್ಲ. ಊಟ, ನೀರು, ಆಟ, ಕಕ್ಕಸಿನ ಚಿಲಕ, ಮೇಷ್ಟರುಗಳ ಬೈಗುಳದ ಬಾಯಿ, ತಾಯಂದಿರ ಸಭೆ, ಎಲ್ಲವನ್ನೂ ಒಟ್ಟಿಗೆ ಸರಿಮಾಡಬೇಕು. ಹುಡುಗಿಯರು ಕಕ್ಕಸಿಗೆ ಹೋಗಬೇಕಾದೀತೆಂದು ದಿನವಿಡೀ ನೀರೇ ಕುಡಿಯುತ್ತಿರಲಿಲ್ಲ. ಚಿಲಕ ಹಾಕಿಸಿದೆ, ನೀರು ಕುಡಿಯಲೆಂದೇ ಎರಡು ಸಲ ಗಂಟೆ ಹೊಡೆಸಿದೆ. ಹಿತ್ತಲಲ್ಲಿ ನೆಟ್ಟ ಗೆಣಸನ್ನು ಕಾಡುಹಂದಿಗಳು ಉತ್ತು ಹೋದವು. ನುಗ್ಗೆ ಉಳಿಯಿತು, ವಾರಕ್ಕೆರಡು ದಿನ ಸೊಪ್ಪಿನ ಸಾರು.

ಇದೆಲ್ಲ ಫಲ ಕೊಟ್ಟಿದೆಯೇ ಎಂದು ನೋಡಲು ಸೆಪ್ಟೆಂಬರಿನಲ್ಲಿ ಈರೋಡಿನಿಂದ ಕವಿತ ಎಂಬ ಮೇಡಂ ಬಂದರು. ನಮ್ಮ ಆರೋಗ್ಯ ಅಳೆಯಲು ಬಂದವರು ದಿಂಬಂ ಘಾಟಿಯ ತಿರುವುಗಳಲ್ಲಿ ವಾಂತಿ ಮಾಡಿಕೊಂಡು ಸುಸ್ತಾಗಿ ಇಳಿದರು. ನಾವೇ ನಿಂಬೆ ಪಾನಕ ಕೊಟ್ಟು ಕೂರಿಸಿದೆವು. ಆಮೇಲೆ ಹುಡುಗಿಯರ ಬೆರಳು ಚುಚ್ಚಿ ರಕ್ತ ನೋಡಿದರು. ನಲವತ್ತೊಂದು ಜನರಲ್ಲಿ ಇಪ್ಪತ್ತಾರು ಜನಕ್ಕೆ ರಕ್ತ ಕಡಿಮೆ. ವರ್ಷದ ಹಿಂದೆಯೂ ಅಷ್ಟೇ ಇತ್ತು. ಪ್ರತಿ ವಾರ ಕಬ್ಬಿಣದ ಮಾತ್ರೆ ಕೊಟ್ಟ ಗುರುತು ರಿಜಿಸ್ಟರಿನಲ್ಲಿ ಒಂದೂ ತಪ್ಪಿರಲಿಲ್ಲ. ನನಗೆ ಮುಖ ಎಲ್ಲಿಡಬೇಕೋ ತಿಳಿಯಲಿಲ್ಲ.

ಮೇಡಂ ರಿಜಿಸ್ಟರ್ ಮುಚ್ಚಿ ನೇರವಾಗಿ ಅಡುಗೆ ಕೋಣೆಗೆ ಹೋದರು. ಮಧ್ಯಾಹ್ನದ ಊಟ ಬೇಯಿಸುವ ಮಾಯಮ್ಮನನ್ನು, ಯಾವ ದಿನ ಅನ್ನ ಉಳಿಯುತ್ತದೆ ಎಂದು ತಮಿಳಿನಲ್ಲಿ ಕೇಳಿದರು. ಮಾಯಮ್ಮ ಸೌಟು ಕೆಳಗಿಡದೆ ನನ್ನ ಕಡೆ ತಿರುಗಿ, "ಸೋಮಾರ ಕಣ್ರವ್ವ. ಒಪ್ಪತ್ತಿನ ಐಕ್ಳು ಉಣ್ಣಾಕಿಲ್ಲ. ಬರೀ ಒಟ್ಟೆಗೆ ಮಾತ್ರೆ ನುಂಗುದ್ರೆ ಒಟ್ಟೆ ತೊಳಸ್ತದೆ, ಪಾಪ, ಗ್ವಾಡೆ ಇಂದಕ್ಕೆ ಓಗಿ ಉಗುದ್ಬುಡ್ತವೆ. ನೀವು ಕೇಳ್ನಿಲ್ಲ, ನಾನೂ ಯೋಳ್ನಿಲ್ಲ" ಅಂದಳು.

ಮಾತ್ರೆಗೆ ಸೋಮವಾರವನ್ನು ಆರಿಸಿದ್ದು ಯಾರು ಗೊತ್ತೇ? ನಾನೇ! ಶಿವನ ವಾರ, ಒಳ್ಳೆಯ ಕೆಲಸ ಅವತ್ತೇ ಆಗಲಿ ಅಂತ. ನಮ್ಮ ಮನೆಗಳಲ್ಲಿ ಅವತ್ತು ಸಂಜೆಯ ಪೂಜೆಯಾಗುವವರೆಗೆ ಉಣ್ಣುವುದಿಲ್ಲ, ಅಮ್ಮಂದಿರ ಜೊತೆ ಹೆಣ್ಣುಮಕ್ಕಳದೂ ಒಪ್ಪತ್ತೇ. ನಾನೂ ಖಾಲಿ ಹೊಟ್ಟೆಯಲ್ಲೇ ನಿಂತು ಮಾತ್ರೆ ಹಂಚುತ್ತಿದ್ದೆ. ಆದರೂ ಹೊಳೆಯಲಿಲ್ಲವಲ್ಲ, ನನ್ನ ಬುದ್ಧಿಗಿಷ್ಟು!

ಮಾತ್ರೆಯನ್ನು ಗುರುವಾರಕ್ಕೆ ಬದಲಾಯಿಸಿದೆ. ತಾಯಂದಿರ ಸಭೆ ಕರೆದು, ಮಕ್ಕಳಿಗೆ ಸೋಮವಾರವೂ ಊಟ ಕೊಡೋಣ ಅಂದೆ. ಬಾಗಿಲಲ್ಲಿ ಕೂತು ಕೇಳುತ್ತಿದ್ದ ಊರಿನ ಹಿರಿಯ ಪುಟ್ಟಬಸಪ್ಪಜ್ಜ ಎದ್ದು ನಿಂತರು. ಬೈಯುತ್ತಾರೆ ಅಂದುಕೊಂಡೆ. "ಬೆಳೆಯೋ ಐಕ್ಳು ಉಂಡ್ರೆ ಸಿವ ಮುನ್ಸ್ಕಂಡನಾ? ಉಣ್ಣಿಸ್ರವ್ವ" ಅಂದು ಕೂತುಬಿಟ್ಟರು.

ಹೋದ ವಾರ ಕವಿತ ಮೇಡಂ ಮತ್ತೆ ಬಂದು ರಕ್ತ ನೋಡಿದರು. ಇಪ್ಪತ್ತಾರು ಒಂಬತ್ತಕ್ಕೆ ಇಳಿದಿದೆ, ಪುಟ್ಟಿ! ಒಂಬತ್ತು! ವರದಿಯಲ್ಲಿ ಮಾಯಮ್ಮನ ಹೆಸರು ನನ್ನ ಹೆಸರಿಗಿಂತ ಮೇಲಿದೆ. ಓದಿ ಹೇಳಿದರೆ ಅವಳು, "ಬುಡ್ರವ್ವ, ಅನ್ನ ಸೀದೋಯ್ತದೆ" ಎಂದು ಒಳಗೆ ಹೋಗಿ ಸೆರಗಿನಲ್ಲಿ ಕಣ್ಣೊರೆಸಿಕೊಂಡಳು. ಇಪ್ಪತ್ತೆಂಟು ವರ್ಷದ ನೌಕರಿಯಲ್ಲಿ ನನಗೆ ಇಷ್ಟು ಹೆಮ್ಮೆ ಯಾವತ್ತೂ ಆಗಿರಲಿಲ್ಲ.

ಈಗ ನಿನ್ನ ಪ್ರಶ್ನೆ. ಮೇಘಳನ್ನು ಶಾಲೆ ಬಿಡಿಸಬೇಡ. ರಕ್ತ ಪರೀಕ್ಷೆ ಮಾಡಿಸು, ಅವಳು ಬಿದ್ದದ್ದು ಯಾವ ವಾರ ಎಂದು ಕೇಳು, ದಿನಾ ಉಣ್ಣಿಸಿ ಕಳಿಸು. ನಿಮ್ಮತ್ತೆಯ ಮುಂದೆ ನೀನು ಬಾಯಿ ಬಿಡುವುದಿಲ್ಲ, ನನಗೆ ಗೊತ್ತು. ಭಾನುವಾರ ಚಾಮರಾಜನಗರದ ಬಸ್ಸು ಹತ್ತಿ ನಾನೇ ಬಂದು ಮಾತಾಡುತ್ತೇನೆ.

ನಿನ್ನ ಯಜಮಾನರಿಗೆ ಕೇಳಿದೆನೆಂದು ಹೇಳು. ಮೇಘಳಿಗೆ ದೊಡ್ಡಮ್ಮನ ಮುತ್ತು. ಮಾದಪ್ಪ ನಿಮ್ಮೆಲ್ಲರನ್ನೂ ತಣ್ಣಗಿಟ್ಟಿರಲಿ.

ನಿನ್ನ ಅಕ್ಕ,
ಮಂಗಳಗೌರಿ

ಮತ್ತೆ: ಮೇಡಂ ತುಂಬಲು ಕೊಟ್ಟ ಹಾಳೆಯಲ್ಲಿ ಒಂದು ಪ್ರಶ್ನೆ ಇತ್ತು. ಅನಾರೋಗ್ಯದಿಂದ ಶಾಲೆ ಬಿಟ್ಟ ಹುಡುಗಿಯರು ಎಷ್ಟು? ಸೊನ್ನೆ ಎಂದು ಬರೆದೆ. ಸುಳ್ಳಲ್ಲ, ಆದರೂ ಅಳಿಸಿ ಮತ್ತೆ ಬರೆದೆ. ವರ್ಷಕ್ಕೆ ಚಿಕ್ಕವಳಾದರೂ ನೀನು ನನ್ನ ಜೊತೆಗೇ ಎಂಟರಲ್ಲಿ ಓದುವಾಗ ಸೋಮವಾರದ ಪ್ರಾರ್ಥನೆಯಲ್ಲಿ ಮೂರು ಸಲ ಬಿದ್ದೆ. ಅಪ್ಪ ನನ್ನನ್ನು ಕರೆದು, "ದಿಟ ಯೋಳವ್ವ, ಅವಳಿಗೇನಾಗದೆ?" ಎಂದು ಕೇಳಿದರು. ಲೆಕ್ಕದಲ್ಲಿ ನೀನು ಯಾವಾಗಲೂ ನನಗಿಂತ ಮುಂದಿದ್ದೆ, ಅದು ನನ್ನನ್ನು ಚುಚ್ಚುತ್ತಿತ್ತು. "ಏನೂ ಆಗಿಲ್ಲ ಕಣಪ್ಪ, ಓದೋದ್ನ ತಪ್ಪಿಸ್ಕಳಾಕೆ ಕಳ್ಳಾಟ ಆಡ್ತಳೆ" ಅಂದುಬಿಟ್ಟೆ. ಮರುದಿನದಿಂದ ನೀನು ಶಾಲೆಗೆ ಬರಲಿಲ್ಲ. ಅಪ್ಪ ಯಾಕೆ ಬಿಡಿಸಿದರೋ ಎಂದು ಇವತ್ತಿಗೂ ನನ್ನನ್ನೇ ಕೇಳುತ್ತೀಯ. ಆ ಹಾಳೆಯಲ್ಲಿ ನಿನ್ನ ಹೆಸರು ಬರೆಯಲು ಜಾಗವಿರಲಿಲ್ಲ ಪುಟ್ಟಿ. ಅದಕ್ಕೇ ಇಲ್ಲಿ ಬರೆದೆ.