ತಿರುಗಿ ಬೈಯುವವನಿಲ್ಲದ ಹೋಟೆಲು

ನವೆಂಬರ್ ೧೨, ಮಂಗಳವಾರ

ಹೊಟ್ಟೆ ತುಂಬಿದೆ, ಹೊಟ್ಟೆಯುರಿ ಇನ್ನೂ ಆರಿಲ್ಲ. ಬೀದಿ ಮೂಲೆಯ ನಮ್ಮ ಹಳೆಯ ಹೋಟೆಲು ಮುಚ್ಚಿದ ಜಾಗದಲ್ಲಿ ಹೊಸದು ತೆರೆದಿದೆಯೆಂದು ಮೊಮ್ಮಗಳು ಮಧ್ಯಾಹ್ನ ಕರೆದುಕೊಂಡು ಹೋದಳು. ಎಲ್ಲೆಲ್ಲೂ ಗಾಜು, ಗೋಡೆಗೆ ಅಂಟಿಸಿದ ಪ್ಲಾಸ್ಟಿಕ್ ಬಳ್ಳಿ. ಬಾಯಿಗಿಟ್ಟರೆ ಉಪ್ಪೇ ಇಲ್ಲ. ಹೇಳಿದೆ. ಬಡಿಸುವ ಹುಡುಗಿ "ಸಾರಿ ಮೇಡಂ, ಬೇರೆ ತಂದುಕೊಡ್ತೀನಿ" ಎಂದು ತಟ್ಟೆ ಎತ್ತಿಕೊಂಡು ಹೋದಳು. ಅಲ್ಲಿಗೆ ಮಾತೇ ಮುಗಿಯಿತು.

ಹಳೆಯ ಅಡುಗೆಯವನಾಗಿದ್ದರೆ ಸೌಟು ಹಿಡಿದೇ ಹೊರಗೆ ಬರುತ್ತಿದ್ದ. "ಉಪ್ಪು ಸರಿಯಾಗೇ ಇದೆ ಅಜ್ಜಿ, ನಿಮ್ಮ ನಾಲಿಗೆ ಸವೆದಿದೆ" ಎನ್ನುತ್ತಿದ್ದ.

"ಸವೆದ ನಾಲಿಗೇಲಿ ಇಷ್ಟು ಬೈಯೋಕಾಗುತ್ತೇನೋ?"

"ಹಾಗಾದ್ರೆ ನಾಳೆಯಿಂದ ಬರಬೇಡಿ" ಎಂದು ಇನ್ನೊಂದು ಸೌಟು ಬಡಿಸಿ ಹೋಗುತ್ತಿದ್ದ. ಮರುದಿನ ನನಗೆ ತಡವಾದರೆ ಬಾಗಿಲಿಗೇ ಬಂದು ಬೀದಿ ನೋಡುತ್ತಿದ್ದ, ಪಾಪಿ. ಮುಚ್ಚುವಾಗ ಮಾತ್ರ ಒಂದು ಮಾತು ಹೇಳಲಿಲ್ಲ.

ರಾತ್ರಿ ಊಟಕ್ಕೆ ಕುಳಿತಾಗ ಬೇಕೆಂದೇ ಅನ್ನ ಬೆಂದಿಲ್ಲ ಎಂದೆ. ಹೂವಿನಂತೆ ಬೆಂದಿತ್ತು. ಸೊಸೆ "ಹೌದಾ ಅತ್ತೆ, ನಾಳೆ ನೋಡ್ಕೋತೀನಿ" ಎಂದಳು. ಮಗ ತಲೆಯನ್ನೂ ಎತ್ತದೆ "ಅಮ್ಮ ಹೇಳಿದ್ದು ಸರಿ ಬಿಡು" ಎಂದ. ಹಸಿ ಸುಳ್ಳು ಹೇಳಿದರೂ ಸರಿಯಂತೆ. ಒಬ್ಬರಾದರೂ "ನಿನಗೇನು ತಲೆ ಕೆಟ್ಟಿದೆಯಾ" ಎಂದು ಕೇಳಬಾರದಿತ್ತೆ?

ನೀನು ಹೇಳಿದ್ದು ತಪ್ಪು ಎಂದು ಮುಖಕ್ಕೆ ಹೇಳುವಷ್ಟು ನನ್ನನ್ನು ಲೆಕ್ಕಕ್ಕಿಟ್ಟವನು ಆ ಅಡುಗೆಯವನೊಬ್ಬನೇ ಇದ್ದ. ಇವರೆಲ್ಲ ನನ್ನನ್ನು ಆಗಲೇ ಫೋಟೊ ಮಾಡಿ ಗೋಡೆಗೆ ತೂಗುಹಾಕಿಬಿಟ್ಟಿದ್ದಾರೆ. ಫೋಟೊದ ಜೊತೆ ಯಾರು ತಾನೇ ಜಗಳ ಆಡುತ್ತಾರೆ?